ಘಟ್ಟದಲ್ಲಿ ಇಂಜಿನ್ ಲೈಟ್ ಮಿಣುಕಿದರೆ

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಸುಮ್ನೆ ಹೊತ್ತಿಕೊಂಡಿರುವುದು ಬೇರೆ, ಮಿಣುಕುವುದು ಬೇರೆ. ಶಿರಸಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ ಪ್ರತಿ ಮಳೆಗಾಲದಲ್ಲೂ ಇದನ್ನು ಹೇಳಬೇಕಾಗುತ್ತದೆ. ಲೈಟ್ ಒಂದೇ ಸಮ ಹೊತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ತರಬಹುದು. ಮಿಣುಕುತ್ತಿದ್ದರೆ ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ. ಕೂಡಲೇ ಆಕ್ಸಿಲರೇಟರ್ ಮೇಲಿನ ಕಾಲು ಹಗುರ ಮಾಡಿ. ಆದರೂ ಮಿಣುಕುವುದು ನಿಲ್ಲದಿದ್ದರೆ ತಿರುವು ದಾಟಿ, ಅಗಲ ಜಾಗ ನೋಡಿ ಗಾಡಿ ನಿಲ್ಲಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮಿಸ್ಸಿಂಗ್ ಆದಾಗ ಒಂದು ಸಿಲಿಂಡರ್‌ನ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತದೆ. ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದರೊಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತಿನ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪ. ಆ ಪೆಟ್ರೋಲ್ ಅಲ್ಲಿ ಉರಿದರೆ ಬಿಸಿ ವಿಪರೀತ ಏರಿ ಸೆರಾಮಿಕ್ಕೇ ಕರಗುತ್ತದೆ. ಹೊಗೆಯ ದಾರಿ ಕಟ್ಟಿದರೆ ಪಿಕಪ್ಪೂ ಹೋಯಿತು. ಪ್ಲಗ್‌ಗೆ ಕರೆಂಟ್ ಕೊಡುವ ಒಂದು ಕಾಯಿಲ್‌ನ ರೇಟಿಗೂ ಕನ್ವರ್ಟರ್ ರೇಟಿಗೂ ಅಜಗಜಾಂತರ.

ಈಚೆಗೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಒಂದು ಪೆಟ್ರೋಲ್ ಕಾರು ಬಂತು. "ತಮಾ, ಊರ್ ಬದಿಗೆ ಚೊಲೋ ಓಡ್ತು, ಘಟ್ಟ ಹತ್ತುವಾಗ ಮಾತ್ರ ಗಡಗಡ ನಡುಗ್ತು" ಅಂದರು ಹೆಗಡೇರು. ಇದಕ್ಕೂ ಮೊದಲು ಒಂದು ಕಡೆ ಸ್ಕ್ಯಾನರ್ ಹಾಕಿ, ಇಂಜಿನ್‌ನ ಕಂಪ್ಯೂಟರ್ (ಇಸಿಯು) ಬರೆದಿಟ್ಟ ದೋಷದ ಕೋಡ್ ಅಳಿಸಿ, "ಆಯ್ತು, ಹೋಗಿ" ಅಂತ ಕಳಿಸಿದ್ದರಂತೆ. ಇದು ನನಗೆ ನಿಜಕ್ಕೂ ಬೇಜಾರು ತರಿಸುವ ಕೆಲಸ. ಕೋಡ್ ಅಳಿಸಿದರೆ ದೋಷ ಹೋಗುವುದಿಲ್ಲ, ಅದರ ಸಾಕ್ಷಿ ಹೋಗುತ್ತದೆ. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಲೋಡ್ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಿತ್ತು ಅಂತ ಇಸಿಯು ಬರೆದಿಟ್ಟುಕೊಂಡಿರುತ್ತದೆ. ಫ್ರೀಜ್ ಫ್ರೇಮ್ ಅಂತಾರೆ. ಅಳಿಸುವಾಗ ಅದೂ ಹೋಗುತ್ತದೆ.

ಪುಣ್ಯಕ್ಕೆ ಘಟ್ಟದಲ್ಲಿ ಮತ್ತೆ ಬರೆದುಕೊಂಡಿತ್ತು. ಇಂಜಿನ್ ಬಿಸಿ, ಲೋಡ್ ಜಾಸ್ತಿ, ಕೋಡ್ ಪಿ0303. ಕೊನೆಯ ಅಂಕಿ ಸಿಲಿಂಡರ್ ನಂಬರ್, ಅಂದರೆ ಮೂರನೆಯದು ಮಿಸ್ಸಿಂಗ್. ಯಾಕೆ ಅನ್ನುವುದನ್ನು ಈ ಕೋಡ್ ಹೇಳುವುದಿಲ್ಲ. ಪ್ಲಗ್ ಇರಬಹುದು, ಕಾಯಿಲ್ ಇರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ವೈರಿಂಗ್, ಸಿಲಿಂಡರ್ ಒಳಗಿನ ಕಂಪ್ರೆಷನ್ (ಒತ್ತಡ), ಯಾವುದೂ ಆಗಬಹುದು. ಕೋಡ್ ನೋಡಿದ ಕೂಡಲೇ ಪಾರ್ಟ್ ತರಿಸುವವರು ಗಿರಾಕಿಯ ದುಡ್ಡಲ್ಲಿ ಜೂಜಾಡುತ್ತಾರೆ.

ಗ್ಯಾರೇಜಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿದರೆ ಇಂಜಿನ್ ಒಂದಿಷ್ಟೂ ನಡುಗಲಿಲ್ಲ. ಅದೇ ನನಗೆ ಸುಳಿವು ಕೊಟ್ಟಿದ್ದು. ಘಟ್ಟದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಅಷ್ಟು ಒತ್ತಡದಲ್ಲಿ ಪ್ಲಗ್‌ನಲ್ಲಿ ಕಿಡಿ ಹಾರಬೇಕಾದರೆ ಹೆಚ್ಚು ವೋಲ್ಟೇಜ್ ಬೇಕು, ಆಗ ಕಾಯಿಲ್‌ನ ಪ್ಲಗ್ ಮೇಲೆ ಕೂರುವ ರಬ್ಬರ್ ಬೂಟಿನಲ್ಲಿ ಸಣ್ಣ ಬಿರುಕಿದ್ದರೂ ಕರೆಂಟ್ ಪ್ಲಗ್ ತುದಿಗೆ ಹೋಗುವ ಬದಲು ಬದಿಯಿಂದ ಇಂಜಿನ್ ಹೆಡ್‌ಗೆ ಹಾರಿಬಿಡುತ್ತದೆ. ಗಾಡಿ ನಿಂತಿದ್ದು ಇಂಜಿನ್ ಮಾತ್ರ ಓಡುವ ಐಡಲ್‌ನಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ಅನುಮಾನವನ್ನು ಖಾತ್ರಿ ಮಾಡಿಕೊಳ್ಳಲು ಹೊಸ ಪಾರ್ಟ್ ಬೇಡ. ಇಂಜಿನ್ ಆಫ್ ಮಾಡಿ ಮೂರನೇ ಕಾಯಿಲನ್ನು ಒಂದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿದೆ. ಎಲ್ಲ ಬರೆದಿಟ್ಟುಕೊಂಡ ಮೇಲೆ ಕೋಡ್ ಅಳಿಸಿ, ಸ್ಕ್ಯಾನರ್ ಹಚ್ಚಿಕೊಂಡೇ ಹತ್ತಿರದ ಏರಿಗೆ ಹೋದೆ. ನಡುಕ ಬಂತು, ಕಾಲು ತೆಗೆದೆ. ಈ ಸಲ ಪಿ0301. ದೋಷ ಕಾಯಿಲ್ ಜೊತೆಗೇ ಹೋಗಿತ್ತು. ಅದು ಮೂರರಲ್ಲೇ ಉಳಿದಿದ್ದರೆ ಪ್ಲಗ್ ಅದಲು ಬದಲು ಮಾಡುತ್ತಿದ್ದೆ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್. ಪಿ0300 ಬಂದರೆ ಲೆಕ್ಕ ಬೇರೆ. ಅದು ಒಂದೇ ಸಿಲಿಂಡರ್ ತೋರಿಸುವುದಿಲ್ಲ, ಹಾಗಾಗಿ ಗಾಳಿ ಲೀಕ್, ಪೆಟ್ರೋಲ್ ಪ್ರೆಷರ್ ಕಡೆ ನೋಡಬೇಕು.

ಆ ಬೂಟಿನ ಮೇಲೆ ತೆಳ್ಳಗೆ ಬಿಳಿ ಗೆರೆ, ಕರೆಂಟ್ ಹಾರಿದ ಗುರುತು. ಮೂರನೇ ಪ್ಲಗ್ ಕೂರುವ ಗುಂಡಿಯಲ್ಲಿ ತುಕ್ಕಿನ ನೀರು. ಕೇಳಿದರೆ, ಚೌತಿಗೆ ಗಾಡಿ ತೊಳೆಸುವಾಗ ಇಂಜಿನ್‌ಗೂ ಪ್ರೆಷರ್ ನೀರು ಹೊಡೆಸಿದ್ದರಂತೆ. ಮೊದಲು ಏರ್ ಹೊಡೆದು ಗುಂಡಿ ಒಣಗಿಸಿ, ಆಮೇಲೆ ಪ್ಲಗ್ ಬಿಚ್ಚಿದೆ. ಉಲ್ಟಾ ಮಾಡಿದರೆ ತುಕ್ಕೆಲ್ಲ ಸಿಲಿಂಡರ್ ಒಳಗೇ ಬೀಳುತ್ತದೆ. ಕಾಯಿಲ್ ಹೊಸದು ಹಾಕಿದೆ. ಪ್ಲಗ್‌ಗಳೂ ಸವೆದಿದ್ದವು, ನಾಲ್ಕನ್ನೂ ಬದಲಿಸಿದೆ.

ಕಾರವಾರ, ಅಂಕೋಲಾ ಕಡೆಯ ಗಾಡಿ ಆದರೆ ಕಾಯಿಲ್‌ಗೆ ಕೈ ಹಾಕುವ ಮೊದಲು ವೈರ್ ಸೇರುವ ಕಪ್ಲರ್ ಬಿಚ್ಚಿ ಪಿನ್ ನೋಡುತ್ತೇನೆ. ಉಪ್ಪು ಗಾಳಿಗೆ ಪಿನ್ ಹಸಿರು ಕಿಲುಬು ಹಿಡಿದಿರುತ್ತದೆ. ಘಟ್ಟದ ಮೇಲೆ ಅಡಿಕೆ ಕೊಟ್ಟಿಗೆ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇಲಿ ಕಡಿದ ವೈರ್ ಹುಡುಕಬೇಕು.

ರಿಪೇರಿ ಆದ ಮೇಲೆ ಮತ್ತೆ ಏರು ಹತ್ತಿಸಿ, ಕನ್ವರ್ಟರ್ ಹಿಂದಿನ ಆಕ್ಸಿಜನ್ ಸೆನ್ಸರ್ ರೀಡಿಂಗ್ ನೋಡಿದೆ. ಕನ್ವರ್ಟರ್ ಕೆಟ್ಟಿದ್ದರೆ ಆ ರೀಡಿಂಗ್ ಕನ್ವರ್ಟರ್‌ಗಿಂತ ಮುಂದಿರುವ ಸೆನ್ಸರ್‌ನಂತೆಯೇ ಮೇಲೆ ಕೆಳಗೆ ಕುಣಿಯುತ್ತದೆ. ಇದರಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ನಿಂತಿತ್ತು. ಲೈಟ್ ಮಿಣುಕಿದಾಗಲೆಲ್ಲ ಹೆಗಡೇರು ಕಾಲು ತೆಗೆದು ಗಾಡಿ ಬದಿಗೆ ಹಾಕಿದ್ದರು, ಕನ್ವರ್ಟರ್ ಉಳಿದದ್ದು ಅದಕ್ಕೇ. ಆಯುಧ ಪೂಜೆಗೆ ಇಂಜಿನ್‌ಗೆ ನೀರು ಹೊಡೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂತ ಹೇಳಿ ಕಳಿಸಿದೆ.