ಊರಿಗೆ ಹೋಗಿರಬೇಕು

ಒಂದೇ ಮನೆಯಲ್ಲಿದ್ದ ಗೆಳೆಯನೊಬ್ಬ ಮೂರು ದಿನ ಕಾಣದಿದ್ದರೂ ನಾವು ನಾಲ್ವರು ಸುಮ್ಮನಿದ್ದದ್ದು ಹೇಗೆ ಎಂಬ ಪ್ರಶ್ನೆ ಎರಡು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ. ಅವನ ಹಾಸಿಗೆ ಖಾಲಿ ಇದ್ದದ್ದನ್ನು ಎಲ್ಲರೂ ನೋಡಿದ್ದೆವು. ನೋಡಿದ ಪ್ರತಿಯೊಬ್ಬರೂ ಮನಸ್ಸಿನಲ್ಲೇ "ಊರಿಗೆ ಹೋಗಿರಬೇಕು" ಎಂದುಕೊಂಡು ಮುಂದೆ ಹೋಗಿದ್ದೆವು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಂಚಿಕೊಂಡು ಬದುಕುವ ಹುಡುಗರಿಗೆ ಇದು ತೀರಾ ಸಹಜವಾದ ಸಮಾಧಾನ. ಇಲ್ಲಿ ಎಲ್ಲರಿಗೂ ಒಂದು ಊರಿದೆ, ವಾರದ ಕೊನೆಯಲ್ಲಿ ಮೆಜೆಸ್ಟಿಕ್‌ನಿಂದ ಹೊರಡುವ ಒಂದು ಬಸ್ಸಿದೆ, ಹೇಳಿ ಹೋಗುವ ರೂಢಿ ಮಾತ್ರ ಇಲ್ಲ. ಅತ್ತ ಅವನ ಮನೆಯವರ ಲೆಕ್ಕದಲ್ಲಿ ಮಗ ಬೆಂಗಳೂರಿನಲ್ಲಿದ್ದ, ಆಫೀಸಿನ ಕೆಲಸದಲ್ಲಿ ಮುಳುಗಿ ಫೋನ್ ಎತ್ತುತ್ತಿರಲಿಲ್ಲ. ವಾಟ್ಸಾಪ್‌ನಲ್ಲಿ ನಾನು ಭಾನುವಾರ ಕಳಿಸಿದ್ದ ಸಂದೇಶಕ್ಕೆ ಒಂದೇ ಟಿಕ್ ಬಿದ್ದಿತ್ತು. ಅಂದರೆ ಅದು ಅವನ ಫೋನಿಗೆ ತಲುಪಿಯೇ ಇರಲಿಲ್ಲ. ಬಸ್ಸಿನಲ್ಲಿ ಚಾರ್ಜ್ ಮುಗಿದಿರಬೇಕು ಎಂದು ನಾನು ಅದಕ್ಕೂ ಕಾರಣ ಹುಡುಕಿಕೊಂಡೆ.

ಆದರೆ ಅವನ ಚಾರ್ಜರ್ ಗೋಡೆಯ ಪ್ಲಗ್‌ನಲ್ಲೇ ಇತ್ತು. ಬಿಳಿ ವೈರು ತುದಿಯಲ್ಲಿ ಬಿರುಕು ಬಿಟ್ಟಿದ್ದರಿಂದ ಅವನು ಅದಕ್ಕೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದ್ದ. ಆ ಮೂರು ದಿನವೂ ಅದರ ಪಕ್ಕದ ಪ್ಲಗ್‌ನಲ್ಲಿ ನಾನು ನನ್ನ ಫೋನ್ ಚಾರ್ಜಿಗೆ ಹಾಕಿದೆ. ಊರಿಗೆ ಹೋಗುವವನು ಚಾರ್ಜರ್ ಬಿಟ್ಟು ಹೋಗುತ್ತಾನೆಯೇ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

1968ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಪ್ರಕಟಿಸಿದ ಪ್ರಯೋಗವೊಂದನ್ನು ಓದಿದಾಗ ನಮ್ಮ ಮನೆಯೇ ಕಣ್ಣಮುಂದೆ ಬಂತು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ನ್ಯೂಯಾರ್ಕಿನ ವಿದ್ಯಾರ್ಥಿಗಳಿಗೆ, ಇಂಟರ್‌ಕಾಮಿನಲ್ಲಿ ಮಾತನಾಡುತ್ತಿದ್ದವನೊಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸಲಾಗಿತ್ತು. ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇಕಡ 85ರಷ್ಟು ಮಂದಿ ಆ ದನಿ ನಿಲ್ಲುವ ಮುನ್ನವೇ ನೆರವು ಕೋರಲು ಎದ್ದರು. ತನ್ನಂತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇಕಡ 31 ಮಾತ್ರ. ಆ ವಿದ್ಯಾರ್ಥಿಗಳು ಕಲ್ಲುಹೃದಯದವರಾಗಿರಲಿಲ್ಲ. ನಾವೂ ಅಲ್ಲ ಎಂದೇ ನಂಬುತ್ತೇನೆ. ನಮ್ಮ ಗೆಳೆಯನಿಗೆ ಹೆಚ್ಚು ಹತ್ತಿರದವನು ಇನ್ನೊಬ್ಬ, ಅವನಿಗೆ ಗೊತ್ತಿರುತ್ತದೆ ಎಂದು ನಾಲ್ವರೂ ಇನ್ನೊಬ್ಬನ ಮೇಲೆ ಭಾರ ಹಾಕಿದ್ದೆವು. ಇದಕ್ಕೆ ನಮ್ಮ ವಯಸ್ಸಿನ ಸಂಕೋಚವೂ ಸೇರಿತು: ಇನ್ನೊಬ್ಬರ ಖಾಸಗಿ ವಿಷಯದಲ್ಲಿ ತಲೆಹಾಕಬಾರದು, ಮನೆಯವರನ್ನು ಸುಮ್ಮನೆ ಗಾಬರಿಪಡಿಸಬಾರದು. ನಿಜ ಹೇಳಬೇಕೆಂದರೆ, ಗಾಬರಿಪಡಿಸಲು ಅವರ ಮನೆಯ ನಂಬರೂ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ.

ಮಂಗಳವಾರ ರಾತ್ರಿ ಅವನ ತಾಯಿಯೇ ಮನೆ ಮಾಲೀಕರಿಗೆ ಫೋನ್ ಮಾಡಿದಾಗ ವಿಷಯ ಬಯಲಾಯಿತು. ಆಗಲೂ ನಮ್ಮಲ್ಲೊಬ್ಬ, ಕಾಣೆಯಾದದ್ದು ಗೊತ್ತಾದ ಮೇಲೆ 24 ಗಂಟೆ ಕಾಯದೆ ಪೊಲೀಸರು ದೂರು ತೆಗೆದುಕೊಳ್ಳುವುದಿಲ್ಲ ಎಂದ. ಅಂಥ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಕಾಣೆಯಾದವರ ಬಗ್ಗೆ ತಕ್ಷಣ ದೂರು ಕೊಡಬಹುದು, 112ಕ್ಕೂ ಕರೆ ಮಾಡಬಹುದು. ಠಾಣೆಯಲ್ಲಿ ನಮ್ಮ ದೂರು ಬರೆದುಕೊಂಡರು, ಗುರುತಿನ ಚಿಹ್ನೆ ಕೇಳಿದರು. ಐದು ವರ್ಷ ಜೊತೆಗಿದ್ದ ನಾವು ಅವನು ಯಾವ ಬಣ್ಣದ ಅಂಗಿ ತೊಟ್ಟು ಹೊರಟಿದ್ದ ಎಂದು ಹೇಳಲಾರದೆ ಒಬ್ಬರ ಮುಖ ಒಬ್ಬರು ನೋಡಿದೆವು.

ಶನಿವಾರ ರಾತ್ರಿ ರಸ್ತೆ ದಾಟುವಾಗ ಅವನಿಗೆ ಬೈಕ್ ಡಿಕ್ಕಿ ಹೊಡೆದಿತ್ತು, ಫೋನ್ ಪುಡಿಯಾಗಿತ್ತು, ಪರ್ಸ್ ಮನೆಯಲ್ಲೇ ಉಳಿದಿತ್ತು. ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ. ಅವರು ಆ ರಾತ್ರಿಯೇ ತಿಳಿಸಿದ್ದರು. ಹೆಸರು ಗೊತ್ತಿಲ್ಲದ ಯುವಕನೊಬ್ಬನ ವಿವರ ಪೊಲೀಸರ ಬಳಿ ಮೂರು ದಿನದಿಂದ ಇತ್ತು. ಅವನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ, ಅಷ್ಟೆ.

ಈಗ ಅವನು ಕುಂಟದೆ ನಡೆಯುತ್ತಾನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಾಯಿ ನನ್ನ ಕೈ ಹಿಡಿದು, "ನೀವೆಲ್ಲ ಇದ್ದೀರಲ್ಲ ಅಂತ ನಾನು ಧೈರ್ಯವಾಗಿದ್ದೆ ಕಣಪ್ಪಾ" ಎಂದಿದ್ದರು. ನಾನು ಏನೂ ಹೇಳಲಿಲ್ಲ. ಫೋನ್ ತೆಗೆದು ಅವರ ನಂಬರ್ ಕೇಳಿ ಬರೆದುಕೊಂಡೆ.