ಸ್ಲೌನಿಂದ ಈಟನ್‌ಗೆ ಆರು ನಿಮಿಷ

ಲಂಡನ್ನಿನ ಪ್ಯಾಡಿಂಗ್ಟನ್‌ನಲ್ಲಿ ಪಶ್ಚಿಮದ ಕಡೆಗೆ ಹೋಗುವ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಸ್ಲೌ ಬರುತ್ತದೆ. ನಾವಿರುವ ಊರು. ಅಲ್ಲಿಂದ ವಿಂಡ್ಸರ್‌ಗೆ ಒಂದು ಪುಟ್ಟ ರೈಲು ಓಡಾಡುತ್ತದೆ. ನಡುವೆ ಎಲ್ಲೂ ನಿಲ್ಲುವುದಿಲ್ಲ, ಆರೇ ನಿಮಿಷದ ದಾರಿ. ಇಳಿಯುವ ಸ್ಟೇಷನ್ ಹೆಸರು ವಿಂಡ್ಸರ್ ಅಂಡ್ ಈಟನ್ ಸೆಂಟ್ರಲ್.

ವಿಂಡ್ಸರ್ ಪಕ್ಕದ ಈಟನ್‌ನಲ್ಲಿ ಶ್ರೀಮಂತರ ಮಕ್ಕಳು ಓದುವ ಹೆಸರಾಂತ ಖಾಸಗಿ ಶಾಲೆಯಿದೆ. ಇಲ್ಲಿನ ರೈಲಿಗೂ ಆ ಈಟನ್ ಶಾಲೆಗೂ ಹಳೇ ಜಗಳ. 1835ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಗೆ ಪಾರ್ಲಿಮೆಂಟ್ ಒಪ್ಪಿಗೆ ಕೊಟ್ಟಾಗ ಶಾಲೆಯವರು ಪಟ್ಟು ಹಿಡಿದು ಕಾಯ್ದೆಯಲ್ಲೇ ಒಂದು ಷರತ್ತು ಹಾಕಿಸಿದರು. ಶಾಲೆಯಿಂದ ಮೂರು ಮೈಲಿ ಒಳಗೆ ಸ್ಟೇಷನ್ ಕಟ್ಟಕೂಡದು. ಹುಡುಗರು ಲಂಡನ್ನಿಗೆ ಹೋಗಿ ಕೆಡುತ್ತಾರೆ ಅನ್ನುವ ಭಯ. ರೈಲ್ವೆಯವರು ಸ್ಟೇಷನ್ ಕಟ್ಟಲಿಲ್ಲ, ಆದರೆ ಸ್ಲೌನಲ್ಲಿ ರೈಲು ನಿಲ್ಲಿಸತೊಡಗಿದರು. ಶಾಲೆ ಕೋರ್ಟಿಗೆ ಹೋಯಿತು, ಸೋತಿತು. 1838ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕ ಬಂತು. ಹುಡುಗರನ್ನು ಕರೆದುಕೊಂಡು ಹೋಗಲು ಸ್ಲೌನಿಂದ ವಿಶೇಷ ರೈಲು ಬೇಕು ಅಂತ ಕೇಳಿದ್ದೂ ಅದೇ ಶಾಲೆಯವರು. ತಮಗೆ ಬೇಡದಾಗ ಯಾರಿಗೂ ಬೇಡ, ತಮಗೆ ಬೇಕಾದಾಗ ತಕ್ಷಣ ಬೇಕು. ಈ ಕಥೆ ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಕಳೆದ ಸೆಪ್ಟೆಂಬರಿನ ಒಂದು ಶನಿವಾರ ನನ್ನ ಮಗನಿಗೆ ಇಲೆವೆನ್ ಪ್ಲಸ್ ಪರೀಕ್ಷೆ ಇತ್ತು. ಹತ್ತು ವರ್ಷದ ಮಕ್ಕಳು ಬರೆಯುವ ಪರೀಕ್ಷೆ. ಪಾಸಾದರೆ ಗ್ರಾಮರ್ ಸ್ಕೂಲಿಗೆ ಅರ್ಜಿ ಹಾಕಬಹುದು. ಗ್ರಾಮರ್ ಸ್ಕೂಲ್ ಅಂದರೆ ಸರ್ಕಾರದ ದುಡ್ಡಿನಲ್ಲೇ ನಡೆಯುವ, ಫೀಸು ಇಲ್ಲದ, ಆದರೆ ಮಕ್ಕಳನ್ನು ಸೋಸಿ ತೆಗೆದುಕೊಳ್ಳುವ ಶಾಲೆ. ಒಂದು ಕಾಲದಲ್ಲಿ ದೇಶದ ತುಂಬ ಇದ್ದವು. 1960 ಮತ್ತು 70ರ ದಶಕಗಳಲ್ಲಿ ಹೆಚ್ಚಿನ ಕಡೆ ತೆಗೆದುಹಾಕಿದರು. ಈಗ ಇಂಗ್ಲೆಂಡಿನಲ್ಲಿ 163 ಉಳಿದಿವೆ. ಅದರಲ್ಲಿ ನಾಲ್ಕು ನಮ್ಮ ಸ್ಲೌನಲ್ಲೇ ಇವೆ.

ಬೆಳಿಗ್ಗೆ ಗೇಟಿನ ಮುಂದೆ ಜಾತ್ರೆ ಸೇರಿತ್ತು. ಹೌನ್ಸ್‌ಲೋ, ಹ್ಯಾರೋ, ರೆಡಿಂಗ್ ಕಡೆಯಿಂದೆಲ್ಲ ಕಾರುಗಳು ಬಂದಿದ್ದವು. ಮಕ್ಕಳ ಕೈಯಲ್ಲಿ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಪೆನ್ಸಿಲ್, ಒಂದು ರಬ್ಬರ್. ಒಂದು ಮಗು ಅಳುತ್ತಿತ್ತು. ಅದರ ಅಪ್ಪ ಮಂಡಿಯೂರಿ ಕೂತು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಮಕ್ಕಳು ಒಳಗೆ ಹೋದ ಮೇಲೆ ಅಪ್ಪ ಅಮ್ಮಂದಿರ ಮಾತೆಲ್ಲ ಒಂದೇ: ಯಾವ ಟ್ಯೂಷನ್, ಎಷ್ಟು ವರ್ಷದಿಂದ, ಮಾಕ್ ಪರೀಕ್ಷೆ ಎಷ್ಟು ಬರೆಸಿದಿರಿ. ನಾವೂ ಕಳಿಸಿದ್ದೆವು. ಗಂಟೆಗೆ ನಲವತ್ತು ಪೌಂಡ್. ಪರೀಕ್ಷೆಯಲ್ಲಿ ಕೇಳುವ ವರ್ಬಲ್ ರೀಸನಿಂಗ್ (ಪದಗಳ ತರ್ಕ), ನಾನ್ ವರ್ಬಲ್ ರೀಸನಿಂಗ್ (ಚಿತ್ರಗಳ ತರ್ಕ) ಯಾವುದೂ ಶಾಲೆಯ ಪಠ್ಯದಲ್ಲಿಲ್ಲ. ಮನೆಯಲ್ಲಿ ಯಾರಾದರೂ ಹೇಳಿಕೊಡಬೇಕು, ಇಲ್ಲವೇ ದುಡ್ಡು ಕೊಟ್ಟು ಹೇಳಿಸಬೇಕು.

ನನ್ನ ಪಕ್ಕ ನಿಂತಿದ್ದವರು ಹೀಥ್ರೂ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವವರು. ಟ್ಯೂಷನ್ನಿಗೆ ಕಳಿಸಲು ಆಗಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ತಾವೇ ಪುಸ್ತಕ ಓದಿಕೊಂಡು ಮಗನಿಗೆ ಹೇಳಿಕೊಟ್ಟಿದ್ದರಂತೆ. "ಆ ಚಿತ್ರಗಳನ್ನು ತಿರುಗಿಸಿ ನೋಡುವ ಲೆಕ್ಕ ಇದೆಯಲ್ಲ, ಅದು ನನಗೇ ಅರ್ಥವಾಗುವಷ್ಟರಲ್ಲಿ ಬೇಸಿಗೆ ರಜೆ ಮುಗಿದಿತ್ತು" ಅಂದರು. ಅವರ ಕಣ್ಣು ಕೆಂಪಗಿತ್ತು. ಅವತ್ತೂ ಅವರು ಮಲಗಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದ ಮಗನಿಗೆ ವಿಂಡ್ಸರ್‌ನಲ್ಲಿ ಐಸ್‌ಕ್ರೀಂ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ರೈಲು ಹತ್ತಿದೆವು. ಕೋಟೆ ನೋಡಿ, ಥೇಮ್ಸ್ ನದಿಯ ಸೇತುವೆ ದಾಟಿದರೆ ಈಟನ್ ಹೈ ಸ್ಟ್ರೀಟ್. ಕಿರಿದಾದ, ಚಂದದ ಬೀದಿ. ಒಂದು ದರ್ಜಿ ಅಂಗಡಿಯ ಗಾಜಿನ ಹಿಂದೆ ಹುಡುಗರ ಅಳತೆಯ ಕಪ್ಪು ಟೇಲ್‌ಕೋಟು, ವೇಸ್ಟ್‌ಕೋಟು, ಗೆರೆಗೆರೆ ಪ್ಯಾಂಟು ತೂಗುಹಾಕಿದ್ದರು. ಮದುವೆ ಬಟ್ಟೆ ಅಂದುಕೊಂಡ ನನ್ನ ಮಗ. ಅದು ಶಾಲೆಯ ಯೂನಿಫಾರ್ಮ್. ಅಷ್ಟರಲ್ಲಿ ಅದೇ ಬಟ್ಟೆ ತೊಟ್ಟ ಹುಡುಗರು ಪುಸ್ತಕ ಹಿಡಿದು ಎದುರಿಗೇ ಬಂದರು. ಶನಿವಾರವೂ ಬೆಳಿಗ್ಗೆ ಅವರಿಗೆ ಪಾಠ ಇರುತ್ತದೆ. ಫುಟ್‌ಪಾತ್ ಕಿರಿದು. ಅವರಲ್ಲೊಬ್ಬ ಪಕ್ಕಕ್ಕೆ ಸರಿದು, ನಗುತ್ತಾ ನಮಗೆ ದಾರಿ ಬಿಟ್ಟ. ಒಳ್ಳೆಯ ಹುಡುಗ. ಹದಿನಾಲ್ಕು ವರ್ಷವಿರಬಹುದು. ಅವನ ಮೇಲೆ ನನಗೇನು ಸಿಟ್ಟು?

"ಇವರಿಗೂ ಪರೀಕ್ಷೆ ಇರುತ್ತಾ ಅಮ್ಮಾ?" ಅಂತ ಮಗ ಕೇಳಿದ. ಇರುತ್ತದೆ. ಹದಿಮೂರಕ್ಕೆ ಸೇರುವುದಾದರೂ ಪರೀಕ್ಷೆ ಮಾತ್ರ ಹತ್ತು ಹನ್ನೊಂದನೇ ವಯಸ್ಸಿಗೇ. ಹೆಚ್ಚಿನವರು ಅದಕ್ಕೂ ಮುಂಚೆ ಫೀಸು ಕಟ್ಟಿ ಪ್ರೆಪ್ ಸ್ಕೂಲ್‌ಗಳಲ್ಲಿ ವರ್ಷಗಟ್ಟಲೆ ತಯಾರಾಗಿರುತ್ತಾರೆ. ಅಲ್ಲಿ ತಯಾರಿ ಅನ್ನುವುದು ಸಂಜೆಯ ಟ್ಯೂಷನ್ ಅಲ್ಲ, ದಿನವಿಡೀ ನಡೆಯುವ ಶಾಲೆಯೇ ತಯಾರಿ.

ಈಟನ್ ಶುರುವಾಗಿದ್ದು 1440ರಲ್ಲಿ. ಆರನೇ ಹೆನ್ರಿ ಎಂಬ ರಾಜ ಎಪ್ಪತ್ತು ಬಡ ಹುಡುಗರಿಗೆ ಪುಕ್ಕಟೆ ಓದಿಸಲು ಕಟ್ಟಿಸಿದ ಶಾಲೆ ಅದು. ಅದಕ್ಕಾಗಿ ಭೂಮಿ ಕೊಟ್ಟ. ಆಮೇಲೆ ಊರಿನಲ್ಲಿ ಮನೆ ಹಿಡಿದು ಫೀಸು ಕಟ್ಟಿ ಓದುವ ಶ್ರೀಮಂತರ ಮಕ್ಕಳು ಬಂದರು. ಬರುಬರುತ್ತಾ ಶಾಲೆಯೇ ಅವರದಾಯಿತು. ಇವತ್ತು ಅಲ್ಲಿ 1,300ಕ್ಕೂ ಹೆಚ್ಚು ಹುಡುಗರಿದ್ದಾರೆ. ವರ್ಷದ ಫೀಸು, ತೆರಿಗೆ ಸೇರಿ, 63 ಸಾವಿರ ಪೌಂಡ್ ದಾಟುತ್ತದೆ. ಬ್ರಿಟನ್ನಿನಲ್ಲಿ ಪೂರ್ಣಾವಧಿ ಕೆಲಸ ಮಾಡುವ ಸಾಮಾನ್ಯ ನೌಕರನ ಸಂಬಳ 2024ರಲ್ಲಿ ವರ್ಷಕ್ಕೆ 37 ಸಾವಿರದ ಆಸುಪಾಸು ಇತ್ತು. ಅಂದರೆ ಸಂಬಳ ಪೂರ್ತಿ ಕೊಟ್ಟರೂ ಒಬ್ಬ ಮಗನ ಫೀಸು ಸಾಲುವುದಿಲ್ಲ. ಸುಮಾರು ನೂರು ಹುಡುಗರಿಗೆ ಪೂರ್ತಿ ಮಾಫಿ ಇದೆ ಅನ್ನುತ್ತಾರೆ. ಅದು ಒಳ್ಳೆಯದೇ. ಆದರೆ ಎಪ್ಪತ್ತಕ್ಕೆ ಎಪ್ಪತ್ತೂ ಬಡವರಿಗೇ ಅಂತ ಹೊರಟ ಶಾಲೆ ಈಗ ನಿಂತಿರುವ ಜಾಗ ನೋಡಿ. ಕಾನೂನಿನ ಲೆಕ್ಕದಲ್ಲಿ ಅದು ಇವತ್ತಿಗೂ ಧರ್ಮಸಂಸ್ಥೆ.

ಈ ದೇಶದ 20 ಪ್ರಧಾನಿಗಳು ಆ ಒಂದೇ ಶಾಲೆಯಲ್ಲಿ ಓದಿದವರು. ಮೊದಲ ಪ್ರಧಾನಿ ವಾಲ್‌ಪೋಲ್‌ನಿಂದ ಹಿಡಿದು ಬೋರಿಸ್ ಜಾನ್ಸನ್‌ವರೆಗೆ. ಬ್ರಿಟನ್ನಿನಲ್ಲಿ ಖಾಸಗಿ ಶಾಲೆಗೆ ಹೋಗುವ ಮಕ್ಕಳು ನೂರಕ್ಕೆ ಏಳು ಮಾತ್ರ. ಆದರೆ ಸಟನ್ ಟ್ರಸ್ಟ್ ಎಂಬ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದಾಗ ಹಿರಿಯ ನ್ಯಾಯಾಧೀಶರಲ್ಲಿ ನೂರಕ್ಕೆ 65 ಜನ ಖಾಸಗಿ ಶಾಲೆಯಿಂದ ಬಂದವರಾಗಿದ್ದರು. ನಾನು ಹಾಸನ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಶಾಲೆಯ ಹೆಸರು ಒಬ್ಬ ಮನುಷ್ಯನನ್ನು ಎಲ್ಲೆಲ್ಲಿಗೆ ಕರೆದೊಯ್ಯುತ್ತದೆ ಅನ್ನುವುದು ಇಲ್ಲಿಗೆ ಬಂದ ಮೇಲೇ ನನಗೆ ಸರಿಯಾಗಿ ಗೊತ್ತಾಗಿದ್ದು.

ಅವತ್ತು ರಾತ್ರಿ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದೇ ಮಾತು. 2025ರ ಜನವರಿಯಿಂದ ಸರ್ಕಾರ ಖಾಸಗಿ ಶಾಲೆಯ ಫೀಸಿನ ಮೇಲೆ ಶೇಕಡಾ 20 ವ್ಯಾಟ್ ಹಾಕಿದೆ. ಮಗಳನ್ನು ಖಾಸಗಿ ಶಾಲೆಗೆ ಕಳಿಸುವ ಗೆಳತಿಯೊಬ್ಬಳು ಬೇಜಾರಿನಲ್ಲಿ ಬರೆದಿದ್ದಳು. "ನಾವೇನು ಲಾರ್ಡ್‌ಗಳಾ? ಹೊಟ್ಟೆಬಟ್ಟೆ ಕಟ್ಟಿ ಓದಿಸ್ತಾ ಇದೀವಿ. ರಿಷಿ ಸುನಕ್ ಅಪ್ಪ ಅಮ್ಮ ಮಾಡಿದ್ದೂ ಇದೇ ಅಲ್ವಾ?" 2022ರ ಅಕ್ಟೋಬರಿನಲ್ಲಿ ಸುನಕ್ ಪ್ರಧಾನಿಯಾದಾಗ ಕರ್ನಾಟಕದ ಅಳಿಯ ಅಂತ ನಾವೆಲ್ಲ ಸಂಭ್ರಮಿಸಿದ್ದೆವು. ನಾನೂ ಸಿಹಿ ಮಾಡಿದ್ದೆ. ಅವರು ಓದಿದ್ದು ವಿಂಚೆಸ್ಟರ್‌ನಲ್ಲಿ. 1382ರ ಶಾಲೆ, ಈಟನ್‌ಗಿಂತಲೂ ಹಳೆಯದು. ತಂದೆ ಡಾಕ್ಟರು, ತಾಯಿ ಔಷಧಿ ಅಂಗಡಿ ನಡೆಸಿದವರು. ಕಷ್ಟಪಟ್ಟಿದ್ದಾರೆ, ಎರಡು ಮಾತಿಲ್ಲ. ಆದರೆ ಹೀಥ್ರೂ ಟ್ಯಾಕ್ಸಿಯವರು ಅದಕ್ಕಿಂತ ಕಡಿಮೆ ಕಷ್ಟಪಟ್ಟಿದ್ದಾರಾ? ಅವರು ಹೊಟ್ಟೆ ಬಟ್ಟೆ ಎರಡನ್ನೂ ಕಟ್ಟಿದರೂ ಪ್ರೆಪ್ ಸ್ಕೂಲಿನ ಒಂದು ಟರ್ಮಿನ ಫೀಸು ಹುಟ್ಟುವುದಿಲ್ಲ. ತ್ಯಾಗ ಮಾಡುವುದಕ್ಕೂ ಕೈಯಲ್ಲಿ ಏನಾದರೂ ಇರಬೇಕು. ಗೆಳತಿಗೆ ಇದನ್ನೇ ಬರೆದೆ. ಅವಳ ಸಂಕಟ ನನಗೆ ಅರ್ಥವಾಗುತ್ತದೆ. ಅವಳ ಮಗಳ ತರಗತಿಯಲ್ಲಿ ಹದಿನಾರು ಮಕ್ಕಳು, ನಾನು ಕೆಲಸ ಮಾಡುವ ತರಗತಿಯಲ್ಲಿ ಮೂವತ್ತು. ದುಡ್ಡಿದ್ದವರು ಯಾಕೆ ಅಲ್ಲಿಗೆ ಹೋಗುತ್ತಾರೆ ಅಂತ ಕೇಳುವುದೇ ಬೇಡ. ಆದರೆ ಆ ತೆರಿಗೆ ನ್ಯಾಯವಾದದ್ದು ಅನ್ನುವುದೇ ನನ್ನ ಅಭಿಪ್ರಾಯ. ಅದರ ದುಡ್ಡಿನಿಂದ ಸರ್ಕಾರಿ ಶಾಲೆಗಳಿಗೆ 6,500 ಹೊಸ ಶಿಕ್ಷಕರನ್ನು ತರುತ್ತೇವೆ ಅಂತ ಸರ್ಕಾರ ಮಾತು ಕೊಟ್ಟಿದೆ.

ನಾನು ಸ್ಲೌನ ಒಂದು ಪ್ರೈಮರಿ ಶಾಲೆಯಲ್ಲಿ ಸಹಾಯಕ ಶಿಕ್ಷಕಿ. ಆ ಸೆಪ್ಟೆಂಬರಿನಲ್ಲಷ್ಟೇ ನನ್ನನ್ನು ಆರನೇ ವರ್ಷದ, ಅಂದರೆ ಹತ್ತು ಹನ್ನೊಂದು ವಯಸ್ಸಿನ ಮಕ್ಕಳ ತರಗತಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಜೋರು ಮಳೆ. ಮಕ್ಕಳನ್ನು ಹೊರಗೆ ಬಿಡುವಂತಿರಲಿಲ್ಲ. ಒಬ್ಬಳು ಹುಡುಗಿ ಪ್ಲಾಸ್ಟಿಕ್ ಬಿಲ್ಲೆಗಳ ಡಬ್ಬ ತೆಗೆದುಕೊಂಡು ಮೂಲೆಯಲ್ಲಿ ಕೂತಿದ್ದಳು. ಒಂದು ಬಿಲ್ಲೆ ಇಟ್ಟಳು. ಅದರ ಎರಡು ಬದಿ ಸುತ್ತಿ ಬರುವ ಹಾಗೆ ಬೇರೆ ಬಣ್ಣದ ಮೂರು. ಆಮೇಲೆ ಐದು. ಆಮೇಲೆ ಏಳು. ಪ್ರತಿ ಸಲವೂ ಚೌಕ ಒಂದು ಸುತ್ತು ದೊಡ್ಡದಾಗುತ್ತಿತ್ತು. "ಮಿಸ್, ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿದರೆ ಯಾವಾಗಲೂ ಚೌಕವೇ ಬರುತ್ತೆ" ಅಂದಳು. ಯಾರು ಹೇಳಿಕೊಟ್ಟರು ಅಂದೆ. "ಯಾರೂ ಇಲ್ಲ. ಬಿಲ್ಲೆ ನೋಡಿದರೆ ಗೊತ್ತಾಗುತ್ತಲ್ಲ." ನನಗೆ ಮಾತೇ ಹೊರಡಲಿಲ್ಲ.

ಆ ಹುಡುಗಿಗೆ ಮಧ್ಯಾಹ್ನದ ಊಟ ಪುಕ್ಕಟೆ. ಇಂಗ್ಲೆಂಡಿನಲ್ಲಿ ಈಗ ನಾಲ್ಕರಲ್ಲಿ ಒಂದು ಮಗುವಿಗೆ ಈ ಅರ್ಹತೆ ಇದೆ. ಅವಳು ಮತ್ತು ಅವಳ ತಾಯಿ ಇರುವುದು ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ಕೊಟ್ಟ ತಾತ್ಕಾಲಿಕ ವಸತಿಯ ಒಂದೇ ಕೋಣೆಯಲ್ಲಿ. ತಾಯಿ ರಾತ್ರಿ ಹೊತ್ತು ವಿಮಾನ ನಿಲ್ದಾಣದಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಾರೆ. ಮನೆಪಾಠ ಮಾಡಲು ಮೇಜಿಲ್ಲ, ಹಾಸಿಗೆಯ ಮೇಲೆ ಕೂತು ಬರೆಯುತ್ತಾಳೆ. ಊರಿನ ಕೌನ್ಸಿಲ್ಲಂತೂ 2021ರಲ್ಲೇ ದಿವಾಳಿ ಎದ್ದು ಕೂತಿದೆ. ಅದರ ಬಿಸಿ ಮೊದಲು ತಟ್ಟುವುದು ಇಂಥ ಮನೆಗಳಿಗೇ.

ಪರೀಕ್ಷೆಯ ನಂತರದ ಸೋಮವಾರ ಗೇಟಿನ ಹತ್ತಿರ ಅವಳ ತಾಯಿ ಸಿಕ್ಕರು. ಶನಿವಾರದ ಪರೀಕ್ಷೆ ಹೇಗಾಯಿತು ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು. "ಯಾವ ಪರೀಕ್ಷೆ?"

ಅವರಿಗೆ ಗೊತ್ತೇ ಇರಲಿಲ್ಲ. ಈ ಪರೀಕ್ಷೆಗೆ ಶಾಲೆ ಹೆಸರು ಕಳಿಸುವುದಿಲ್ಲ. ಅಪ್ಪ ಅಮ್ಮಂದಿರೇ ಆನ್‌ಲೈನಿನಲ್ಲಿ ನೋಂದಾಯಿಸಬೇಕು, ಅದೂ ಹಿಂದಿನ ಶೈಕ್ಷಣಿಕ ವರ್ಷ ಮುಗಿಯುವ ಮುಂಚೆಯೇ. ನಾನು ವಿವರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಈಗ ಬರೆಸಬಹುದಾ?" ಆಗುವುದಿಲ್ಲ ಅಂತ ಹೇಳಬೇಕಾಯಿತು. ಬಾಗಿಲು ಮುಚ್ಚಿ ಬೇಸಿಗೆಯೇ ಕಳೆದಿತ್ತು. ಅವರು ತಲೆಯಾಡಿಸಿ, ಮಗಳ ಕೈ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ನನಗೆ ಅವತ್ತಿಡೀ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಈಟನ್ನಿನ ಬಗ್ಗೆ ಸಿಟ್ಟಾಗುವುದು ಸುಲಭ. ಟೇಲ್‌ಕೋಟು ಕಣ್ಣಿಗೆ ಕಾಣುತ್ತದೆ. ಆದರೆ ಫೀಸಿಲ್ಲದ ಸರ್ಕಾರಿ ಶಾಲೆಯ ಬಾಗಿಲಲ್ಲೂ ದುಡ್ಡೇ ಕೂತಿದೆ. ಟ್ಯೂಷನ್ನಿನ ದುಡ್ಡು, ಒಳ್ಳೆಯ ಶಾಲೆಯ ಹತ್ತಿರ ಮನೆ ಮಾಡುವ ದುಡ್ಡು, ಯಾವ ತಿಂಗಳಲ್ಲಿ ಯಾವ ಫಾರಂ ತುಂಬಬೇಕು ಅಂತ ಹೇಳುವ ಗೆಳೆಯರ ಬಳಗ. ಈ ಮೂರನೆಯದಕ್ಕೆ ಬೆಲೆ ಚೀಟಿ ಇಲ್ಲ, ಆದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಂಥ ಐಟಿ ಮನೆಗಳಿಗೆ ಅದು ವಾಟ್ಸಾಪಿನಲ್ಲೇ ಸಿಗುತ್ತದೆ. ರಾತ್ರಿ ಪಾಳಿಯ ಕ್ಲೀನರಿಗೆ ಎಲ್ಲಿ ಸಿಗಬೇಕು?

ನಮ್ಮ ಮುಖ್ಯೋಪಾಧ್ಯಾಯಿನಿಯ ಹತ್ತಿರ ಮಾತಾಡಿದೆ. ಮುಂದಿನ ಸಲ ನೋಂದಣಿ ಶುರುವಾದ ಕೂಡಲೇ ಐದನೇ ವರ್ಷದ ಪ್ರತಿ ಮನೆಗೂ ಕಾಗದ ಕಳಿಸೋಣ ಅಂತ ಒಪ್ಪಿದರು. ಪಂಜಾಬಿ, ಉರ್ದು, ಪೋಲಿಷ್, ಸೊಮಾಲಿಯಲ್ಲೂ ಬರೆಸುತ್ತೇವೆ. ಇದರಿಂದ ಗ್ರಾಮರ್ ಶಾಲೆಗಳಲ್ಲಿ ಒಂದು ಸೀಟೂ ಹೆಚ್ಚುವುದಿಲ್ಲ, ಅದು ನನಗೆ ಗೊತ್ತು. ನಮ್ಮ ಒಂದು ಮಗು ಒಳಗೆ ಹೋದರೆ ಇನ್ನೊಂದು ಮಗು ಹೊರಗೆ ಉಳಿಯುತ್ತದೆ. ಉಳಿದವರು ಹೋಗುವ ಶಾಲೆ ಚೆನ್ನಾಗಿರಬೇಕು. ಹೆಚ್ಚಿನ ಮಕ್ಕಳು ಹೋಗುವುದೇ ಅಲ್ಲಿಗೆ.

ಅಕ್ಟೋಬರಿನಲ್ಲಿ ಆ ತಾಯಿಯ ಜೊತೆ ಹತ್ತಿರದ ಕಾಂಪ್ರಹೆನ್ಸಿವ್ ಶಾಲೆಯೊಂದಕ್ಕೆ, ಅಂದರೆ ಪರೀಕ್ಷೆಯಿಲ್ಲದೆ ಮಕ್ಕಳನ್ನು ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗೆ, ಹೋಗಿದ್ದೆ. ಶಾಲೆ ನೋಡಲು ಬರುವವರಿಗಾಗಿ ಸಂಜೆ ತೆರೆದಿಟ್ಟಿದ್ದರು. ಗೋಡೆ ತುಂಬ ಮಕ್ಕಳ ಚಿತ್ರ, ಶಿಕ್ಷಕರೆಲ್ಲ ಪ್ರೀತಿಯಿಂದ ಮಾತಾಡಿಸಿದರು. ತಾಯಿ ಕೇಳಿದ್ದು ಒಂದೇ ಪ್ರಶ್ನೆ: ಗಣಿತ ಯಾರು ಕಲಿಸುತ್ತಾರೆ? ಅಲ್ಲಿದ್ದ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಗಣಿತ ವಿಭಾಗದಲ್ಲಿ ಎರಡು ಹುದ್ದೆ ಖಾಲಿ ಇವೆ, ಜಾಹೀರಾತು ಕೊಟ್ಟರೂ ಯಾರೂ ಬಂದಿಲ್ಲ, ಸದ್ಯಕ್ಕೆ ದಿನಗೂಲಿ ಶಿಕ್ಷಕರೇ ನಡೆಸುತ್ತಿದ್ದಾರೆ.

ಆ 6,500 ಶಿಕ್ಷಕರಲ್ಲಿ ಎರಡು ಜನ ನಮ್ಮ ಊರಿನ ಆ ಶಾಲೆಗೆ ಯಾವಾಗ ಬರುತ್ತಾರೆ ಅಂತ ಕೇಳಿ ನಮ್ಮ ಎಂಪಿಗೆ ಪತ್ರ ಬರೆದಿದ್ದೇನೆ. ಆ ತಾಯಿಯೂ ಸಹಿ ಹಾಕಿದ್ದಾರೆ, ಗೇಟಿನಲ್ಲಿ ಸಿಕ್ಕ ಟ್ಯಾಕ್ಸಿಯವರೂ ಹಾಕಿದ್ದಾರೆ. ಮುಂದಿನ ವಾರ ಇನ್ನಷ್ಟು ಮನೆಗಳಿಗೆ ಹೋಗಿ ಸಹಿ ಕೇಳುವುದಿದೆ.