ಫ್ರೀಜರ್ ಪಾಲಿನ್ಯಾ: ತಕ್ಕಡಿಗೆ ಸಿಗದ ಮಂಜುಗಡ್ಡೆ ಉಪ್ಪಿಗೆ ಸಿಕ್ಕಿತು

ಕೊನೆಗೂ ಲೆಕ್ಕ ಕೂಡಿತು! ಬಾಗಲಕೋಟೆಯ ನವನಗರದಲ್ಲಿ, ಮೇ ತಿಂಗಳ ಉರಿಯಲ್ಲಿ, ಹಳೆಯ ಐಸ್‌ಕ್ರೀಂ ಫ್ರೀಜರಿನೊಳಗೆ ಅಂಟಾರ್ಕ್ಟಿಕಾದ ಪಾಲಿನ್ಯಾ, ಅಂದರೆ ಸಮುದ್ರದ ಮಂಜುಗಡ್ಡೆಯ ನಡುವೆ ಬಯಲಾಗಿ ಉಳಿಯುವ ನೀರಿನ ಜಾಗ. ಅಲ್ಲಿ ಎಷ್ಟು ಮಂಜುಗಡ್ಡೆ ಹುಟ್ಟುತ್ತದೆ ಎಂದು ಅಳೆಯುವುದೇ ನನ್ನ ಪ್ರಯೋಗ. ಉಪ್ಪುನೀರಿನ ತೊಟ್ಟಿ, ಅದರ ಮೇಲೆ ಗಾಳಿ ಬೀಸುವ ಫ್ಯಾನು, ಅಳೆಯಲು ಸೆನ್ಸರ್‌ಗಳು: ಜೋಡಣೆ ಇಷ್ಟೇ. ನೇರವಾಗಿ ತಲೆನೋವಿಗೆ ಬರುತ್ತೇನೆ.

ಅಂಟಾರ್ಕ್ಟಿಕಾದ ರಾಸ್ ಸಮುದ್ರದ ಅಂಚಿನಲ್ಲಿ ಗಾಳಿ ಹೊಸ ಮಂಜುಗಡ್ಡೆಯನ್ನು ದೂರ ತಳ್ಳುತ್ತಲೇ ಇರುತ್ತದೆ, ಬಯಲಾದ ನೀರು ಹೆಪ್ಪುಗಟ್ಟುತ್ತಲೇ ಇರುತ್ತದೆ. ಚದರ ಮೀಟರಿಗೆ 300 ವ್ಯಾಟ್ ಶಾಖ ಹೋದರೆ ದಿನಕ್ಕೆ ಸುಮಾರು 8 ಸೆಂ.ಮೀ. ದಪ್ಪ. ಉಪಗ್ರಹದ ಚಿತ್ರ, ಹವಾಮಾನದ ಅಂಕಿ ಹಿಡಿದು ಅಂದಾಜಿಸುವವರ ಲೆಕ್ಕವೂ ಇದೇ. ನನ್ನ 20 ಕೆ.ಜಿ. ಉಪ್ಪುನೀರು ತಣಿದ ವೇಗದಿಂದ ಶಾಖನಷ್ಟ ತೆಗೆದರೆ 1.1 ಕೆ.ಜಿ. ಮಂಜುಗಡ್ಡೆ ಬರಬೇಕು. ಜರಡಿಯಲ್ಲಿ ಸೋಸಿ ತೂಗಿದರೆ 1.7!

ಕಳ್ಳ ಇದ್ದದ್ದು ಜರಡಿಯಲ್ಲೇ. ಫ್ಯಾನಿನ ಗಾಳಿಗೆ ಹುಟ್ಟುವುದು ಗಟ್ಟಿ ಗಡ್ಡೆಯಲ್ಲ, ಒಂದೆರಡು ಮಿಲಿಮೀಟರ್ ಅಗಲದ ತೆಳು ಬಿಲ್ಲೆಗಳು. ಒಂದಕ್ಕೊಂದು ಅಂಟಿ, ನೆನೆಸಿದ ಅವಲಕ್ಕಿಯ ಹಾಗೆ ನೀರು ಹಿಡಿದು ಕೂರುತ್ತವೆ. ಜಾಡಿಸಿದರೂ ಬಿಡುವುದಿಲ್ಲ, ಹೆಚ್ಚು ಹೊತ್ತು ಇಟ್ಟರೆ ಕರಗುತ್ತವೆ.

ಹಾಗಾಗಿ ಮಂಜುಗಡ್ಡೆಯನ್ನು ಬಿಟ್ಟು ಉಳಿದ ನೀರನ್ನು ಹಿಡಿದೆ. ಹೆಪ್ಪುಗಟ್ಟುವಾಗ ಮಂಜಿನ ಹರಳು ಉಪ್ಪನ್ನು ಹೊರಗೆ ತಳ್ಳುತ್ತದೆ, ಉಳಿದ ನೀರು ಇನ್ನಷ್ಟು ಉಪ್ಪಾಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಸಾಗರತಳಕ್ಕಿಳಿಯುವ ಭಾರದ ನೀರು ಹುಟ್ಟುವುದಕ್ಕೂ ಇದೇ ಕಾರಣ. ಉಪ್ಪಿನಂಶ ಕೆ.ಜಿ.ಗೆ 34 ಗ್ರಾಂನಿಂದ 36ಕ್ಕೆ ಏರಿದರೆ 18ರಲ್ಲಿ ಒಂದು ಪಾಲು ನೀರು ಹೆಪ್ಪುಗಟ್ಟಿದೆ ಎಂದರ್ಥ. 20 ಕೆ.ಜಿ.ಗೆ 1.1. ಸರಿಯಾಗಿ ಅದೇ!

ಅಳೆಯುವುದೇ ಇನ್ನೊಂದು ಗೋಳು. 'ಎಲ್ಲ ನೀರಿಗೂ ಆಗುತ್ತದೆ' ಎಂದು ಅಂಗಡಿಯವರು ಕಳಿಸಿದ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹತ್ತು ಸಾವಿರ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಅಳತೆ) ದಾಟುವುದಿಲ್ಲ. ಸಮುದ್ರದ ನೀರು ಮೂವತ್ತು ಸಾವಿರದ ಮೇಲೆ. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಸೀಲ್ ಒಡೆದಿದೆಯಂತೆ. ಸೀಲ್ ಒಡೆಯದೆ ಅಳೆಯುವ ವಿದ್ಯೆ ಅವರೇ ಕಲಿಸಲಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ತೂಗಿ ಬೆರೆಸಿ ಹತ್ತು ಪಟ್ಟು ತೆಳುವಾಗಿಸಿ, ಮೊದಲಿನ ಮತ್ತು ಕೊನೆಯ ಮಾದರಿಗಳನ್ನು ಒಂದೇ ಉಷ್ಣತೆಯಲ್ಲಿ ಬೆನ್ನುಬೆನ್ನಿಗೆ ಅಳೆದೆ. ಬೇಕಿರುವುದು ಅನುಪಾತ ಮಾತ್ರ. ಮೀಟರ್ ಸುಳ್ಳು ಹೇಳಲಿ, ಎರಡಕ್ಕೂ ಒಂದೇ ಸುಳ್ಳು ಹೇಳಿದರೆ ಸಾಕು.

ಫ್ಯಾನಿನ ವೇಗ ಏರಿಸಿ ನೋಡುವುದು ಬಾಕಿ ಇದೆ. ಆದರೆ ಮನಸ್ಸು ಆಗಲೇ ಆಲಮಟ್ಟಿ ಹಿನ್ನೀರಿಗೆ ಓಡಿದೆ: ಗಾಳಿ, ತೇವಾಂಶ, ಉಷ್ಣತೆ ಹಿಡಿದು ಪಾಲಿನ್ಯಾದ ಶಾಖನಷ್ಟ ಅಂದಾಜಿಸುವ ಇದೇ ಸೂತ್ರದಿಂದ ಬೇಸಿಗೆಯಲ್ಲಿ ಎಷ್ಟು ನೀರು ಆವಿಯಾಗುತ್ತದೆ ಎಂದು ಅಂದಾಜಿಸಬಹುದಲ್ಲ? ಯಾರ ಬಳಿಯಾದರೂ ಸುಮ್ಮನೆ ಬಿದ್ದಿರುವ ಗಾಳಿಮಾಪಕ ಇದ್ದರೆ ತಿಳಿಸಿ, ಕೊರಿಯರ್ ಖರ್ಚು ನನ್ನದು. ಸೀಲ್ ಒಡೆದಿದ್ದರೂ ಅಡ್ಡಿಯಿಲ್ಲ.